ತುಮಕೂರಿನ ಕಾರಿಗೆ ಯಾವ ಸರ್ವಿಸ್ ಲೆಕ್ಕ: ಹತ್ತು ಸಾವಿರವೋ, ಐದು ಸಾವಿರವೋ, ಹಬ್ಬದಿಂದ ಹಬ್ಬಕ್ಕೋ?

ಹೊಸ ಕಾರಿನ ಜೊತೆ ಶೋರೂಮಿನವರು ಕೊಡುವ ದಪ್ಪ ಪುಸ್ತಕದಲ್ಲಿ ಸಾಮಾನ್ಯವಾಗಿ ಸರ್ವಿಸಿನ ಎರಡು ಪಟ್ಟಿ ಇರುತ್ತವೆ. ಮೊದಲನೆಯದು ಎಲ್ಲರಿಗೂ ಬಾಯಿಪಾಠ: ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ಸ್ಕೋಡಾ, ಫೋಕ್ಸ್‌ವ್ಯಾಗನ್‌ನವರು 15,000 ಅನ್ನುತ್ತಾರೆ. ಎರಡನೇ ಪಟ್ಟಿ ಮುಂದಿನ ಪುಟದಲ್ಲೋ, ಕೆಳಗೆ ಸಣ್ಣ ಅಕ್ಷರದಲ್ಲೋ ಅಡಗಿರುತ್ತದೆ. ಅದು ಕಠಿಣ ಬಳಕೆಯ ಪಟ್ಟಿ. ಧೂಳಿನ ರಸ್ತೆ, ಪದೇಪದೇ ಸಣ್ಣ ಓಡಾಟ, ನಿಂತು ನಿಂತು ಸಾಗುವ ಟ್ರಾಫಿಕ್, ಎಂಜಿನ್ ಆನ್ ಇಟ್ಟು ಕಾಯುವುದು, ಬೆಟ್ಟದ ರಸ್ತೆ, ಬಾಡಿಗೆ ಓಡಾಟ, ಸುಡುಬಿಸಿಲು. ಇವುಗಳಲ್ಲೊಂದು ನಿಮ್ಮ ದಿನಚರಿಯಾಗಿದ್ದರೆ ಆಯಿಲ್, ಏರ್ ಫಿಲ್ಟರ್‌ಗಳ ಗಡುವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ತುಮಕೂರಿನಲ್ಲಿ ಕೂತು ಈ ಎರಡನೇ ಪಟ್ಟಿ ಓದಿದರೆ ನಮ್ಮೂರಿನವರೇ ಯಾರೋ ಬರೆದಂತಿದೆ. ವಸಂತನರಸಾಪುರದ ಲಾರಿ ಧೂಳು, ಬಿ.ಎಚ್. ರಸ್ತೆಯ ಸಂಜೆ, ಪಾವಗಡದ ಬಿಸಿಲು, ದೇವರಾಯನದುರ್ಗದ ಏರು, ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್, ಎಲ್ಲ ಇದೆ. ಹಾಗಂತ ಜಿಲ್ಲೆಯ ಪ್ರತಿ ಕಾರಿಗೂ ಐದು ಸಾವಿರಕ್ಕೊಮ್ಮೆ ಆಯಿಲ್ ಬದಲಿಸಬೇಕೇ? ಬೇಕಿಲ್ಲ. ಗ್ಯಾರೇಜಿನವರು ಬೇಕು ಅನ್ನುತ್ತಾರೆ, ಶೋರೂಮಿನವರು ಹತ್ತು ಸಾವಿರ ಸಾಕು ಅನ್ನುತ್ತಾರೆ. ನಿಮ್ಮ ಗಾಡಿ ದಿನಾ ಎಲ್ಲಿಗೆ ಹೋಗಿ ಬರುತ್ತದೆ ಎಂದು ಇಬ್ಬರೂ ಕೇಳುವುದು ಅಪರೂಪ. ನಾವೇ ಕೇಳಿಕೊಳ್ಳಬೇಕು. ಅದರಲ್ಲೂ ಮೊದಲ ಪ್ರಶ್ನೆ, ಒಂದು ಸಲ ಸ್ಟಾರ್ಟ್ ಮಾಡಿದ ಎಂಜಿನ್ ಪೂರ್ತಿ ಕಾದ ಮೇಲೆ ಎಷ್ಟು ಹೊತ್ತು ಓಡುತ್ತದೆ ಎಂಬುದು. ಮೀಟರಿನಲ್ಲಿ ಎಷ್ಟಾಗಿದೆ ಎಂಬುದು ಆಮೇಲಿನ ಮಾತು.

ಎದುರಿಗಿರುವ ದಾರಿಗಳು ನಾಲ್ಕು: ಪುಸ್ತಕದ ಸಾಮಾನ್ಯ ಪಟ್ಟಿ, ಪುಸ್ತಕದ ಕಠಿಣ ಪಟ್ಟಿ, ಕಿಲೋಮೀಟರ್ ಬದಿಗಿಟ್ಟು ತಿಂಗಳ ಲೆಕ್ಕ, ಮತ್ತೆ ಶೋರೂಮಿನ ಮುಂಗಡ ಪ್ಯಾಕೇಜು. ಐದನೆಯದೂ ಒಂದಿದೆ, 'ಸೌಂಡ್ ಬಂದಾಗ ನೋಡ್ಕೊಳ್ಳೋಣ ಬಿಡಿ.' ಅದರ ಅನುಯಾಯಿಗಳು ಈ ಬರಹ ಓದುವುದಿಲ್ಲವಾದ್ದರಿಂದ ಕೈಬಿಟ್ಟಿದ್ದೇನೆ.

ರೈಲ್ವೆ ಸ್ಟೇಷನ್ನಿಗೆ ಹೋಗಿ ನಿಲ್ಲುವ ಕಾರು

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರಿಗೆ ಲೆಕ್ಕವಿಲ್ಲ. ಅವರಲ್ಲಿ ಎಷ್ಟೋ ಮಂದಿ ಶೆಟ್ಟಿಹಳ್ಳಿಯಿಂದಲೋ ಬಟವಾಡಿಯಿಂದಲೋ ಕಾರಿನಲ್ಲಿ ಸ್ಟೇಷನ್ನಿಗೆ ಬಂದು, ಅಲ್ಲೇ ನಿಲ್ಲಿಸಿ, ರಾತ್ರಿ ಬಂದು ತೆಗೆದುಕೊಂಡು ಹೋಗುತ್ತಾರೆ. ಒಂದು ಕಡೆಗೆ 4 ಕಿ.ಮೀ. ಅಂದುಕೊಳ್ಳಿ. ದಿನಕ್ಕೆ 8, ತಿಂಗಳಿಗೆ 25 ದಿನದ ಲೆಕ್ಕದಲ್ಲಿ 200, ವರ್ಷಕ್ಕೆ 2,400 ಕಿ.ಮೀ. 'ನಮ್ ಗಾಡಿ ಓಡೇ ಇಲ್ಲ ಸಾರ್, ಇನ್ನೂ ಹೊಸದೇ' ಎಂದು ಮಾಲೀಕರು ಹೆಮ್ಮೆಯಿಂದ ಹೇಳುವುದು ಇಂಥ ಕಾರಿನ ಬಗ್ಗೆಯೇ. ಸ್ಕೂಲಿಗೆ ಮಕ್ಕಳನ್ನು ಬಿಟ್ಟು ಬರುವ ಕಾರು, ಸೋಮೇಶ್ವರಪುರದಿಂದ ಎಂ.ಜಿ. ರಸ್ತೆಗೆ ಬಟ್ಟೆ ಅಂಗಡಿಗೆ ಹೋಗುವ ಕಾರು ಇವೂ ಇದೇ ಜಾತಿ.

ಈ ಕಾರಿನ ಎಂಜಿನ್ ಅನುಭವಿಸುವ ಪಾಡು ಬೆಂಗಳೂರಿಗೆ ಓಡುವ ಕಾರಿಗೂ ಇಲ್ಲ. ಪೆಟ್ರೋಲ್ ಉರಿದರೆ ನೀರಾವಿ ಹುಟ್ಟುತ್ತದೆ. 1 ಲೀಟರ್ ಪೆಟ್ರೋಲಿನಿಂದ ಸುಮಾರು 900 ಮಿ.ಲೀ. ನೀರು, ಲೆಕ್ಕ ಹಾಕಿದರೆ ಬೆರಗಾಗುವಷ್ಟು. ಹೆಚ್ಚಿನದು ಸೈಲೆನ್ಸರ್ ಮೂಲಕ ಹೊರಟುಹೋಗುತ್ತದೆ. ಬೆಳಿಗ್ಗೆ ಪೈಪಿನ ತುದಿಯಲ್ಲಿ ತೊಟ್ಟಿಕ್ಕುವುದು ಅದೇ. ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್ ಸೇರುತ್ತದೆ. ಎಂಜಿನ್ ತಣ್ಣಗಿರುವಾಗ ಪೆಟ್ರೋಲನ್ನೂ ಹೆಚ್ಚು ಸಿಂಪಡಿಸಬೇಕಾಗುತ್ತದೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆ ಹಿಡಿದು ಅದೇ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ 90–100 ಡಿಗ್ರಿ ಆಸುಪಾಸು ಕಾದು, ಆ ಬಿಸಿಯಲ್ಲೇ ಒಂದಷ್ಟು ಹೊತ್ತು ಇದ್ದರೆ ನೀರು, ಪೆಟ್ರೋಲ್ ಎರಡೂ ಆವಿಯಾಗಿ ಹೋಗುತ್ತವೆ. 4 ಕಿಲೋಮೀಟರಿನಲ್ಲಿ ಅದು ಆಗುವ ಮಾತಲ್ಲ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದಿದೆಯಲ್ಲ ಎಂದು ವಾದಿಸಬೇಡಿ. ಆ ಮುಳ್ಳು ತೋರಿಸುವುದು ಎಂಜಿನ್ನನ್ನು ತಂಪಾಗಿಡುವ ದ್ರವದ, ಅಂದರೆ ಕೂಲಂಟಿನ ಬಿಸಿಯನ್ನು. ಆಯಿಲ್ ಕಾಯುವುದು ಅದಕ್ಕಿಂತ ನಿಧಾನ.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುವಿ ತೆಗೆದು ಒಳಬದಿ ನೋಡಿ. ಬಿಳಿಯ, ಹಳದಿ ಮಿಶ್ರಿತ ಅಂಟಂಟು ಲೇಪ ಕಂಡರೆ ಆಯಿಲ್‌ನಲ್ಲಿ ನೀರಿನ ಅಂಶ ಸೇರುತ್ತಿದೆ. ಅದರ ಜೊತೆಗೆ ಕೂಲಂಟಿನ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲು) ಹೋಗಿದೆಯೆಂಬ ಅನುಮಾನ, ಅದಕ್ಕೆ ಮೆಕ್ಯಾನಿಕ್ ಬೇಕು. ಕೂಲಂಟ್ ಸರಿಯಿದ್ದರೆ ಕಾಯಿಲೆಗೆ ಕಾರಣ ಆ ಸಣ್ಣ ಓಡಾಟವೇ.

ಇಂಥ ಕಾರಿಗೆ ನನ್ನ ಆಯ್ಕೆ ತಿಂಗಳ ಲೆಕ್ಕ: 6 ತಿಂಗಳಿಗೊಮ್ಮೆ ಆಯಿಲ್, ಆಯಿಲ್ ಫಿಲ್ಟರ್, ಮೀಟರ್ ಏನೇ ತೋರಿಸಲಿ. ಮಾರುತಿಯಂಥ ಸಣ್ಣ ಪೆಟ್ರೋಲ್ ಎಂಜಿನ್ ಹಿಡಿಸುವುದು ಮೂರು, ಮೂರೂವರೆ ಲೀಟರ್ ಆಯಿಲ್. ನಡುವಿನ ಈ ಒಂದು ಬದಲಾವಣೆಗೆ 2,000–3,000 ರೂಪಾಯಿ ಆಸುಪಾಸು ಆಗಬಹುದು. ಅದು ದುಬಾರಿ ಅನ್ನಿಸಿದರೆ ಪರ್ಯಾಯವಿದೆ. ವಾರಕ್ಕೊಮ್ಮೆ ಗುಬ್ಬಿಗೋ ಕುಣಿಗಲ್ಲಿಗೋ ಹೋಗಿಬನ್ನಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಒಂದೇ ಓಟ ಓಡಲಿ. ಆಗ ವರ್ಷಕ್ಕೊಂದು ಆಯಿಲ್ ಸಾಕು. ಮನೆ ಮುಂದೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಲಿಸಿಡುವುದು ಇದಕ್ಕೆ ಬದಲಿಯಲ್ಲ, ಅದರಿಂದ ಕಾಯಿಲೆ ಇನ್ನಷ್ಟು ಹೆಚ್ಚುತ್ತದೆ.

ಇದೇ ಓಡಾಟಕ್ಕೆ ಡೀಸೆಲ್ ಕಾರು ಇಟ್ಟುಕೊಂಡವರ ಕಥೆ ಇನ್ನೂ ಕಷ್ಟ. ಏಪ್ರಿಲ್ 2020ರಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕೂತಿದೆ. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ, ಹದಿನೈದು ಇಪ್ಪತ್ತು ನಿಮಿಷ ಬಿಡದೆ ಓಡುವ ರಸ್ತೆ ಬೇಕು. ಸ್ಟೇಷನ್ನಿನ ದಾರಿಯಲ್ಲಿ ಸುಡುವುದು ಶುರುವಾಗುವಷ್ಟರಲ್ಲಿ ಕೀ ತಿರುಗಿಸಿಬಿಡುತ್ತೇವೆ. ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ, ಆಯಿಲ್ ಅಳೆಯುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಅದರ ಮಟ್ಟ ಏರುತ್ತಾ ಹೋಗುತ್ತದೆ. ಆಯಿಲ್ ಕಡಿಮೆಯಾದರೆ ಗಾಬರಿಯಾಗುವ ನಾವು ಹೆಚ್ಚಾದರೆ ಖುಷಿಪಡುತ್ತೇವೆ. ಇಲ್ಲಿ ಹೆಚ್ಚಾಗುವುದೇ ಕೆಟ್ಟ ಸೂಚನೆ. ಡಿಪಿಎಫ್ ದೀಪ ಹತ್ತಿದರೆ ಅದೇ ದಿನ ಶಿರಾ ಕಡೆ ಹೆದ್ದಾರಿಯಲ್ಲಿ ಗೇರ್ ಒಂದು ಕಡಿಮೆಯಿಟ್ಟು, ಎಂಜಿನ್ ಸ್ವಲ್ಪ ಜೋರಾಗಿಯೇ ತಿರುಗುವಂತೆ ಓಡಿಸಿಬನ್ನಿ. ಇಂಥ ಗಾಡಿಗೆ ಆಯಿಲ್ ಹಾಕಿಸುವಾಗ ಪುಸ್ತಕದಲ್ಲಿ ಬರೆದ ದರ್ಜೆಯದೇ ಬೇಕು. ಡಿಪಿಎಫ್‌ಗೆಂದೇ ಬೂದಿ ಕಡಿಮೆ ಬಿಡುವ ಆಯಿಲ್ ಬರುತ್ತದೆ. 'ಎಲ್ಲಾ ಡೀಸೆಲ್‌ಗೂ ಇದೇ ಹಾಕೋದು' ಎಂಬ ಡ್ರಮ್ಮಿನ ಆಯಿಲ್ ಅದಕ್ಕೆ ಆಗದು.

ದಿನಾ ಬೆಂಗಳೂರು

ಇನ್ನೊಂದು ತುದಿಯಲ್ಲಿ ಕಾರಿನಲ್ಲೇ ಬೆಂಗಳೂರಿಗೆ ಹೋಗಿ ಬರುವವರಿದ್ದಾರೆ. ಒಂದು ಕಡೆಗೆ 70 ಕಿ.ಮೀ., ದಿನಕ್ಕೆ 140, ತಿಂಗಳಿಗೆ 3,500. ಹತ್ತು ಸಾವಿರ ಮುಟ್ಟಲು ಮೂರು ತಿಂಗಳೂ ಬೇಡ. ಇಷ್ಟು ಓಡುವ ಗಾಡಿಗೆ ಐದು ಸಾವಿರಕ್ಕೆ ಆಯಿಲ್ ಬದಲಿಸಿ ಎಂದು ಹೇಳುವವರು ಧಾರಾಳ. ಆದರೆ ಗಂಟೆಯ ಲೆಕ್ಕ ಹಾಕಿ ನೋಡಿ. ಪೇಟೆಯೊಳಗೆ ಸರಾಸರಿ ಗಂಟೆಗೆ 20 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಓಡಿದ ಎಂಜಿನ್ 500 ಗಂಟೆ ತಿರುಗಿರುತ್ತದೆ. ಹೆದ್ದಾರಿಯಲ್ಲಿ ಸರಾಸರಿ 70ರಲ್ಲಿ ಅದೇ ದೂರಕ್ಕೆ 143 ಗಂಟೆ. ಅದರಲ್ಲೂ ದಿನಕ್ಕೆ ಎರಡೇ ಕೋಲ್ಡ್ ಸ್ಟಾರ್ಟ್, ಉಳಿದದ್ದೆಲ್ಲ ಚೆನ್ನಾಗಿ ಕಾದ ಆಯಿಲ್. ಎಂಜಿನ್ನಿಗೆ ಇದಕ್ಕಿಂತ ಸುಖದ ಜೀವನ ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ. ನೆಲಮಂಗಲ ದಾಟಿ ಎಂಟನೇ ಮೈಲಿ, ದಾಸರಹಳ್ಳಿ, ಗೊರಗುಂಟೆಪಾಳ್ಯದ ಹತ್ತಿರ ಬರುವಷ್ಟರಲ್ಲಿ ಹೆದ್ದಾರಿ ಮುಗಿದು ತೆವಳುವುದು ಶುರುವಾಗಿರುತ್ತದೆ. ಕೊನೆಯ ಹದಿನೈದು ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೆ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ನಿಮ್ಮ ಕಾರಿನ ಸರಾಸರಿ ವೇಗ ಡ್ಯಾಶ್‌ಬೋರ್ಡಿನಲ್ಲೇ ಸಿಗಬಹುದು. ಈಗಿನ ಬಹಳಷ್ಟು ಕಾರುಗಳು ತೋರಿಸುತ್ತವೆ. ಒಂದು ತಿಂಗಳ ಸರಾಸರಿ ಗಂಟೆಗೆ 40 ಕಿ.ಮೀ. ಮೇಲಿದ್ದರೆ ಸಾಮಾನ್ಯ ಪಟ್ಟಿಯೇ ಸಾಕು. 25ರ ಕೆಳಗಿದ್ದರೆ ಕಠಿಣ ಪಟ್ಟಿ. ನಡುವೆ ಇದ್ದರೆ ಏಳೂವರೆ ಸಾವಿರಕ್ಕೆ ಬದಲಿಸಿ, ತಲೆ ಕೆಡಿಸಿಕೊಳ್ಳಬೇಡಿ. ಈ ಗೆರೆಗಳು ಯಾವ ಪುಸ್ತಕದಲ್ಲೂ ಇಲ್ಲ, ನಾನು ಎಳೆದುಕೊಂಡವು. ನಿಮ್ಮ ಮೆಕ್ಯಾನಿಕ್ ಒಪ್ಪದಿದ್ದರೆ ಜಗಳವೇನಿಲ್ಲ.

ಇವರು ಎಡವುವ ಜಾಗ ಬೇರೆ: 'ಯಾವುದು ಮೊದಲೋ' ಎಂಬ ಮಾತು. ವರ್ಷಕ್ಕೊಂದು ಸರ್ವಿಸ್ ಎಂದು ಮನಸ್ಸಿನಲ್ಲಿ ಕೂತುಬಿಟ್ಟರೆ, ಮುಂದಿನ ಸರ್ವಿಸಿಗೆ ಬರುವಾಗ ಮೀಟರ್ ನಲವತ್ತು ಸಾವಿರ ದಾಟಿರುತ್ತದೆ. ದಿನಾ ಬೆಂಗಳೂರಿಗೆ ಓಡುವವರಿಗೆ ಕ್ಯಾಲೆಂಡರ್ ಬೇಡ, ಮೀಟರ್ ಮಾತ್ರ. ವರ್ಷಕ್ಕೆ ನಾಲ್ಕು ಸಲ ಗಾಡಿ ಬಿಡಬೇಕಾಗುತ್ತದೆ ಎಂಬುದನ್ನು ಕಾರು ಕೊಳ್ಳುವ ಮೊದಲೇ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಬೇಕು. ಬ್ರೇಕ್ ಆಯಿಲ್, ಕೂಲಂಟ್, ಸ್ಪಾರ್ಕ್ ಪ್ಲಗ್ಗುಗಳ ಸರದಿಯೂ ಬೇಗ ಬರುತ್ತದೆ: ಎರಡು ವರ್ಷ ಅಥವಾ 40,000 ಎಂದು ಬರೆದದ್ದು ಇವರಿಗೆ ಒಂದೇ ವರ್ಷದ ಕೆಲಸ.

ಹೆದ್ದಾರಿ ಕಾರಿನ ದುಡ್ಡು ಹೋಗುವುದು ಟೈರಿಗೆ. ಬೆಂಗಳೂರು ದಾರಿಯವರು 10,000 ಕಿ.ಮೀ.ಗೊಮ್ಮೆ ಟೈರ್ ಅದಲುಬದಲು, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಲೇಬೇಕು. ಗಾಳಿ ವಾರಕ್ಕೊಮ್ಮೆ, ಅದೂ ಟೈರ್ ತಣ್ಣಗಿರುವಾಗ. ನೆಲಮಂಗಲದವರೆಗೆ ಓಡಿಸಿ ಬಂಕಿನಲ್ಲಿ ಗಾಳಿ ನೋಡಿಸಿದರೆ ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ, ಹುಡುಗ ಗಾಳಿ ಬಿಟ್ಟು ಕಳಿಸುತ್ತಾನೆ. ತೋಡು 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರವೂ ಟೈರು ಮುಗಿದಂತೆ; ಮಳೆಗಾಲದ ಹೆದ್ದಾರಿಗೆ 3 ಮಿ.ಮೀ.ನಲ್ಲೇ ಬದಲಿಸುವವರು ಜಾಣರು.

ಒಂದು ಪುಟ್ಟ ತಕರಾರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಪಾರ್ಸೆಲ್‌ಗೆ ಒಬ್ಬರು ಇಳಿದು ಹೋದರೆ, ಒಳಗೆ ಉಳಿದವರು ಎಂಜಿನ್, ಎ.ಸಿ. ಎರಡನ್ನೂ ಆನ್ ಇಟ್ಟು ಕಾಯುತ್ತಾರೆ. ಭಾನುವಾರ ಬೆಳಿಗ್ಗೆ ಆ ಸಾಲು ಮುಂದೆ ಸರಿಯುವ ವೇಗ ಗೊತ್ತೇ ಇದೆ. ಮೀಟರ್ ಒಂದು ಕಿಲೋಮೀಟರೂ ಏರದೆ ಎಂಜಿನ್ ಅರ್ಧ ಗಂಟೆ ಓಡಿರುತ್ತದೆ.

ಪಾವಗಡ, ಮಧುಗಿರಿ ಕಡೆಯ ಧೂಳು

ತಿರುಮಣಿಯ ಸುತ್ತ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬಂದಿದ್ದೇ ಅಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ ಎಂಬ ಕಾರಣಕ್ಕೆ. ಪ್ಯಾನೆಲ್ಲಿಗೆ ಒಳ್ಳೆಯದಾದ ಆ ಹವೆ ಕಾರಿಗೆ ಅಲ್ಲ. ಊರಿನ ಕೊನೆಯ ಎರಡು ಮೂರು ಕಿಲೋಮೀಟರ್ ಮಣ್ಣುರಸ್ತೆ, ಮುಂದೆ ಒಂದು ಟ್ರ್ಯಾಕ್ಟರ್, ಅದು ಎಬ್ಬಿಸಿದ ಧೂಳಿನೊಳಗೆ ನಮ್ಮ ಗಾಡಿ. ಇಂಥವರು ಮೊದಲು ಹಿಡಿಯಬೇಕಾದ್ದು ಏರ್ ಫಿಲ್ಟರನ್ನು. ಮಣ್ಣಿನ ಧೂಳೆಂದರೆ ಸಿಲಿಕಾ, ಕಬ್ಬಿಣವನ್ನೇ ಉಜ್ಜುವಷ್ಟು ಗಡುಸು. ಫಿಲ್ಟರ್ ಹರಿದೋ, ಸರಿಯಾಗಿ ಕೂರದೆಯೋ ಅದು ಒಳಗೆ ಹೋದರೆ ಸಿಲಿಂಡರ್ ಗೋಡೆ, ರಿಂಗು ಸವೆಯುತ್ತವೆ. ಆಮೇಲೆ ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಹೊಗೆ ನಿಲ್ಲದು.

ಸಾಮಾನ್ಯ ಪಟ್ಟಿಯಲ್ಲಿ ಏರ್ ಫಿಲ್ಟರ್ ಬದಲಿಸುವುದು 30,000–40,000ಕ್ಕೆ ಎಂದಿರುತ್ತದೆ. ಮಣ್ಣುರಸ್ತೆಯವರು 5,000ಕ್ಕೊಮ್ಮೆ ತೆಗೆದು ನೋಡಿ, 15,000ರಿಂದ 20,000ದೊಳಗೆ ಬದಲಿಸಿ. ಗ್ಯಾರೇಜಿನಲ್ಲಿ ಗಾಳಿ ಹೊಡೆಯುವಾಗ ಹತ್ತಿರ ನಿಂತು ನೋಡುವುದೂ ಒಳ್ಳೆಯದು. ಗಾಳಿ ಒಳಬದಿಯಿಂದ ಹೊರಕ್ಕೆ ಹೋಗಬೇಕು, ಅದೂ ಕಡಿಮೆ ಒತ್ತಡದಲ್ಲಿ. ಹೊರಗಿನಿಂದ ಜೋರಾಗಿ ಹೊಡೆದರೆ ಧೂಳು ಕಾಗದದೊಳಕ್ಕೆ ನಾಟಿಕೊಳ್ಳುತ್ತದೆ, ಕಾಗದವೂ ತೂತಾಗಬಹುದು. ಎ.ಸಿ. ಫಿಲ್ಟರ್ ಎಂದು ಇನ್ನೊಂದಿದೆ, ಡ್ಯಾಶ್‌ಬೋರ್ಡಿನ ಒಳಗೆ. 'ಎ.ಸಿ. ಗ್ಯಾಸ್ ಹೋಗಿದೆ' ಎಂದು ಗ್ಯಾಸ್ ತುಂಬಿಸಿಕೊಳ್ಳುವ ಮುಂಚೆ ಅದನ್ನೊಮ್ಮೆ ಎಳೆದು ನೋಡಿ.

ಆಯಿಲ್‌ಗೂ ಇವರಿಗೆ ಕಠಿಣ ಪಟ್ಟಿಯೇ ಸರಿ. ಹಾಗೆಂದು ಬಣ್ಣ ನೋಡಿ ನಿರ್ಧರಿಸಬೇಡಿ. ಡೀಸೆಲ್ ಎಂಜಿನ್ನಿನ ಹೊಸ ಆಯಿಲ್ ಕೆಲವೇ ದಿನಕ್ಕೆ ಕಪ್ಪಾಗುತ್ತದೆ, ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತಿರುವ ಲಕ್ಷಣ. ಬಿಸಿಲು ಜಾಸ್ತಿ ಎಂದು ದಪ್ಪ ಆಯಿಲ್ ಹಾಕಿಸುವ ಹಳೇ ಅಭ್ಯಾಸವೂ ಈಗ ನಡೆಯದು. ಇತ್ತೀಚಿನ ಪುಟ್ಟ ಪೆಟ್ರೋಲ್ ಎಂಜಿನ್ನುಗಳು 0ಡಬ್ಲ್ಯೂ-16, 0ಡಬ್ಲ್ಯೂ-20ರಂಥ ತೆಳು ಆಯಿಲ್‌ಗೆಂದೇ ತಯಾರಾಗಿವೆ. ಪುಸ್ತಕದಲ್ಲಿ ಒಂದಕ್ಕಿಂತ ಹೆಚ್ಚು ದರ್ಜೆ ಕೊಟ್ಟಿದ್ದರೆ ಅದರೊಳಗೆ ಆರಿಸಿಕೊಳ್ಳಿ, ಅದರಾಚೆ ಬೇಡ.

ಇನ್ನೊಂದು ನೀರಿನ ವಿಷಯ. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಕುಡಿಯಲು ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುತ್ತೇವೆ. ಅದೇ ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿಯುತ್ತೇವೆ. ಗಡಸು ನೀರಿನ ಸುಣ್ಣ ಒಳಗಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡರೆ ಮೇ ತಿಂಗಳ ಮಧ್ಯಾಹ್ನ ಮುಳ್ಳು ಕೆಂಪಿಗೆ ಹೋಗುತ್ತದೆ. ಬೆರೆಸಿಯೇ ಬರುವ ಕೂಲಂಟ್ ತಂದಿಟ್ಟುಕೊಳ್ಳಿ, ಇಲ್ಲವೇ ಡಿಸ್ಟಿಲ್ಡ್ ವಾಟರ್.

ಬೆಟ್ಟದ ರಸ್ತೆಯ ಮಾತು ಚಿಕ್ಕದು. ದೇವರಾಯನದುರ್ಗಕ್ಕೆ ವರ್ಷಕ್ಕೆರಡು ಸಲ ಹೋಗುವವರು ಇದಕ್ಕೆಂದೇ ಪಟ್ಟಿ ಬದಲಿಸಬೇಕಿಲ್ಲ. ಇಳಿಯುವಾಗ ಎರಡನೇ ಗೇರ್ ಹಾಕಿದರೆ ಸಾಕು. ಬ್ರೇಕ್ ಆಯಿಲ್ ಮಾತ್ರ ಎರಡು ವರ್ಷ ದಾಟಿರಬಾರದು. ಅದು ಗಾಳಿಯ ತೇವ ಹೀರುವ ದ್ರವ. ಡಾಟ್-4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಬಂದರೆ ಅಷ್ಟು ಬಿಸಿಯಾಗುವುದು ದೊಡ್ಡ ಮಾತಲ್ಲ. ದ್ರವ ಕುದಿದರೆ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಬೆಟ್ಟದ ಕೋತಿಗಳು ವೈಪರ್ ಕೀಳುವುದಕ್ಕೆ ಯಾವ ಪಟ್ಟಿಯಲ್ಲೂ ಪರಿಹಾರವಿಲ್ಲ.

ತೋಟದ ಮನೆಯ ಶೆಡ್ಡಿನಲ್ಲಿ ನಿಂತಿರುವುದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹೋದರೆ ತೋಟದ ಮನೆಗಳ ಶೆಡ್ಡಿನಲ್ಲಿ ಹೊದಿಕೆ ಹೊದ್ದ ಕಾರು ಕಾಣುತ್ತದೆ. ಮಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾನೆ. ಅಪ್ಪ ಕೊಬ್ಬರಿ ಹರಾಜಿನ ದಿನ ತಿಪಟೂರು ಎಪಿಎಂಸಿಗೂ, ನೆಂಟರ ಮದುವೆಗೂ ಅಷ್ಟೇ ತೆಗೆಯುವುದು. ವರ್ಷಕ್ಕೆ ಸಾವಿರ ಕಿಲೋಮೀಟರ್. ಇಲ್ಲಿ ಕಿಲೋಮೀಟರಿನ ಎರಡೂ ಪಟ್ಟಿ ಕೆಲಸಕ್ಕೆ ಬಾರವು, ತಿಂಗಳ ಲೆಕ್ಕವೊಂದೇ ಗತಿ. ಸ್ಟೇಷನ್ ಕಾರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಇದು ತೆಗೆದಾಗ ಒಂದಷ್ಟು ದೂರವಾದರೂ ಓಡುತ್ತದೆ, ಹಾಗಾಗಿ ಆಯಿಲ್ ವರ್ಷಕ್ಕೊಮ್ಮೆ ಸಾಕು.

ಇದರ ಶತ್ರುಗಳೇ ಬೇರೆ. ಮೊದಲನೆಯದು ಬ್ಯಾಟರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ಕ್ಕೆ ಇಳಿದರೆ ಅರ್ಧ ಖಾಲಿ. ಹಾಗೇ ಬಿಟ್ಟರೆ ಒಳಗಿನ ಪ್ಲೇಟುಗಳು ಗಟ್ಟಿಯಾಗಿ ಮತ್ತೆ ಚಾರ್ಜನ್ನೇ ಹಿಡಿಯವು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ; ಓಡಿಸುವವರಿಲ್ಲದಿದ್ದರೆ ನೆಗೆಟಿವ್ ತಂತಿ ಬಿಚ್ಚಿಡಿ. ಎರಡನೆಯದು ಇಲಿ. ತೆಂಗಿನಕಾಯಿ ರಾಶಿಯ ಪಕ್ಕ ಕಾರು ನಿಲ್ಲಿಸಿ ಇಲಿ ಬರಬಾರದೆಂದರೆ ಹೇಗೆ? ವೈರು ಕಡಿದರೆ ಬರುವ ಬಿಲ್ಲಿನಲ್ಲಿ ಎಷ್ಟೋ ವರ್ಷದ ಆಯಿಲ್ ಬರುತ್ತದೆ. ಬಾನೆಟ್ ಎತ್ತಿಡುವುದು, ರಾಶಿಯಿಂದ ದೂರ ನಿಲ್ಲಿಸುವುದು, ವಾರಕ್ಕೊಮ್ಮೆ ಒಳಗೆ ಕಣ್ಣಾಡಿಸುವುದು, ಇಷ್ಟೇ ನಂಬಬಹುದಾದ ಉಪಾಯ. ಮೂರನೆಯದು ಟೈರಿನ ವಯಸ್ಸು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ತೋಡು ಹೊಸದರಂತಿದ್ದರೂ ಆರು ವರ್ಷ ದಾಟಿದ ಟೈರನ್ನು ಗೋಡೆ ಬಿರುಕು ಬಿಟ್ಟಿದೆಯೇ ಎಂದು ತೋರಿಸದೆ ಹೆದ್ದಾರಿಗೆ ಹತ್ತಿಸಬೇಡಿ. ಮೂಟೆಗಟ್ಟಲೆ ಕೊಬ್ಬರಿ ಡಿಕ್ಕಿಯಲ್ಲಿ ತುಂಬುವ ದಿನ ಹಿಂದಿನ ಟೈರಿಗೆ ಪುಸ್ತಕದಲ್ಲಿ ಹೇಳಿದ ಹೆಚ್ಚುವರಿ ಗಾಳಿ ಹೊಡೆಸಿ.

ಬಾಡಿಗೆ ಗಾಡಿಯವರಿಗೆ ನಾನು ಹೇಳುವುದೇನಿಲ್ಲ, ಅವರೇ ನನಗೆ ಹೇಳಬೇಕು. ಅವರ ಸಿಎನ್‌ಜಿ ಗಾಡಿಗಳನ್ನು ನೋಡಿ ಮನೆಗೂ ಒಂದು ತಂದವರಿಗೆ ಒಂದೇ ನೆನಪು: ಗ್ಯಾಸ್ ಸಿಲಿಂಡರಿನ ಹೈಡ್ರೋ ಟೆಸ್ಟ್ (ಒತ್ತಡ ತಡೆಯುತ್ತದೆಯೇ ಎಂಬ ಪರೀಕ್ಷೆ) 3 ವರ್ಷಕ್ಕೊಮ್ಮೆ ಕಡ್ಡಾಯ, ಅದು ಸರ್ವಿಸ್ ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ. ಎಲೆಕ್ಟ್ರಿಕ್ ಕಾರಿನವರಿಗೆ ಎಂಜಿನ್ ಆಯಿಲ್ ಗೊಡವೆಯೇ ಇಲ್ಲ. ಟೈರು, ಬ್ರೇಕ್ ಆಯಿಲ್, ಕೂಲಂಟ್, ಎ.ಸಿ. ಫಿಲ್ಟರ್ ನೋಡಿಕೊಂಡರೆ ಆಯಿತು. ಸ್ಟೇಷನ್ನಿನವರೆಗಿನ 4 ಕಿಲೋಮೀಟರಿಗೆ ಅದರಷ್ಟು ಹೊಂದುವ ಗಾಡಿ ಇನ್ನೊಂದಿಲ್ಲ.

ಪ್ಯಾಕೇಜು ತಗೊಳ್ಳೋದಾ?

ಶೋರೂಮಿನಲ್ಲಿ ಮೂರು ವರ್ಷದ್ದೋ ಐದು ವರ್ಷದ್ದೋ ಸರ್ವಿಸ್ ಪ್ಯಾಕೇಜನ್ನು ಮುಂಗಡವಾಗಿ ಮಾರುತ್ತಾರೆ. ದಿನಾ ಬೆಂಗಳೂರಿಗೆ ಓಡುವವರಿಗೆ ಅದು ಲಾಭವಾಗಬಹುದು: ಬೆಲೆ ಏರಿದರೂ ನಿಮ್ಮ ದರ ಏರದು. ಆದರೆ ಪ್ಯಾಕೇಜಿಗೆ ವರ್ಷದ ಮಿತಿಯೂ ಇರುತ್ತದೆ, ಕಿಲೋಮೀಟರಿನ ಮಿತಿಯೂ ಇರುತ್ತದೆ. ವರ್ಷಕ್ಕೆ ನಲವತ್ತು ಸಾವಿರ ಓಡಿಸುವವರ ಐದು ವರ್ಷದ ಪ್ಯಾಕೇಜು ಒಂದೂಕಾಲು ವರ್ಷಕ್ಕೇ ಮುಗಿದಿರುವುದುಂಟು. ಸ್ಟೇಷನ್ ಕಾರಿನವರಿಗೆ, ತೋಟದ ಕಾರಿನವರಿಗೆ ಅದು ಬೇಡವೇ ಬೇಡ. ಸ್ಟೇಷನ್ ಕಾರಿಗೆ ಬೇಕಾದ ಆರು ತಿಂಗಳ ಆಯಿಲ್ ಅದರಲ್ಲಿ ಇರುವುದಿಲ್ಲ, ಇಬ್ಬರಿಗೂ ಬೇಡದ ಎಷ್ಟೋ ಇರುತ್ತದೆ.

ವಾರಂಟಿ ಇರುವವರೆಗೆ ಪುಸ್ತಕದ ಗಡುವು ಮೀರದಂತೆ ಕಂಪನಿಯ ಅಧಿಕೃತ ಜಾಗದಲ್ಲೇ ಮಾಡಿಸಿ, ಬಿಲ್ಲು ಇಟ್ಟುಕೊಳ್ಳಿ. ಗಡುವಿಗಿಂತ ಮೊದಲೇ ಆಯಿಲ್ ಬದಲಿಸಿದರೆ ವಾರಂಟಿಗೆ ಧಕ್ಕೆಯಿಲ್ಲ, ತಡವಾದರೆ ಇದೆ. ವಾರಂಟಿ ಮುಗಿದ ಮೇಲೆ ನಂಬಿಕೆಯ ಗ್ಯಾರೇಜು ಸಿಕ್ಕರೆ ಅದೇ ಭಾಗ್ಯ. ತುಮಕೂರಿನಲ್ಲಿ ಅಂಥ ಕೈಗಳಿಗೆ ಬರವಿಲ್ಲ, ಶಿರಾ ಗೇಟ್ ಕಡೆ ಒಂದು ಸುತ್ತು ಹಾಕಿ ಯಾರ ಅಂಗಳದಲ್ಲಿ ಬಾಡಿಗೆ ಗಾಡಿಗಳು ಹೆಚ್ಚು ನಿಂತಿವೆ ನೋಡಿ. ಗಾಡಿಯಿಂದಲೇ ಹೊಟ್ಟೆ ಹೊರೆಯುವವರು ಕೆಟ್ಟ ಮೆಕ್ಯಾನಿಕ್ ಹತ್ತಿರ ಎರಡನೇ ಸಲ ಹೋಗುವುದಿಲ್ಲ.

ಯುಗಾದಿಗೊಂದು, ಆಯುಧಪೂಜೆಗೊಂದು

ತಿಂಗಳ ಲೆಕ್ಕದವರಿಗೆ ದಿನಾಂಕ ನೆನಪಿಡುವುದೇ ತಾಪತ್ರಯ. ಅದಕ್ಕೆ ನಮ್ಮಲ್ಲಿ ಪಂಚಾಂಗವೇ ಇದೆ. ಚೈತ್ರದ ಯುಗಾದಿಯಿಂದ ಆಶ್ವಯುಜದ ಆಯುಧಪೂಜೆಗೆ ಆರು ತಿಂಗಳ ಮೇಲೆ ಎಂಟೊಂಬತ್ತು ದಿನ, ಅಷ್ಟೇ. ಯುಗಾದಿ ಬೇಸಿಗೆಯ ಬಾಗಿಲು: ಆಯಿಲ್ ಜೊತೆ ಕೂಲಂಟ್, ಎ.ಸಿ., ಬ್ಯಾಟರಿ ನೋಡಿಸಿ. ಆಯುಧಪೂಜೆ ಬರುವಾಗ ಮುಂಗಾರು ಮುಗಿದಿರುತ್ತದೆ: ಬ್ರೇಕ್, ಸಸ್ಪೆನ್ಷನ್, ಗಾಡಿಯ ಅಡಿ ನೋಡಿಸಿ. ನಡುವೆ ಅಧಿಕ ಮಾಸ ಬಿದ್ದ ವರ್ಷ ಒಂದು ತಿಂಗಳು ಹೆಚ್ಚಾದೀತು, ಅಷ್ಟಕ್ಕೆ ಎಂಜಿನ್ ಮುನಿಸಿಕೊಳ್ಳುವುದಿಲ್ಲ. ಹಬ್ಬದ ಹಿಂದಿನ ದಿನ ಮಾತ್ರ ಹೋಗಬೇಡಿ. ಆಯುಧಪೂಜೆಯ ವಾರ ಗ್ಯಾರೇಜು, ವಾಟರ್ ವಾಶ್ ಎಲ್ಲ ಕಡೆ ಸಾಲು. ಅವಸರದ ಕೈಗಳು ಡ್ರೈನ್ ಬೋಲ್ಟನ್ನು ಸರಿಯಾಗಿ ಬಿಗಿ ಮಾಡದೆ ಕಳಿಸಿಬಿಡಬಹುದು. ಹದಿನೈದು ದಿನ ಮುಂಚೆ ಹೋಗಿ. ಪೂಜೆಗೆಂದು ಬಾನೆಟ್ ಎತ್ತಿ ಎಂಜಿನ್ ಮೇಲೆ ಪ್ರೆಶರ್ ನೀರು ಹೊಡೆಸುವುದೂ ಬೇಡ, ಸೆನ್ಸರು, ಕನೆಕ್ಟರುಗಳಿಗೆ ನೀರು ಹೊಕ್ಕರೆ ನಿಂಬೆಹಣ್ಣಿನ ಮೇಲೆ ಹತ್ತಿಸುವ ಹೊತ್ತಿಗೆ ಗಾಡಿ ಸ್ಟಾರ್ಟೇ ಆಗದೆ ಹೋದೀತು.

ಯಾವ ಲೆಕ್ಕ ಹಿಡಿದರೂ ಗಾಡಿ ಬಿಡುವಾಗ ಕೌಂಟರಿನಲ್ಲಿ ಆಡುವ ಮಾತು ಮುಖ್ಯ. 'ಸರ್ವಿಸ್ ಮಾಡಿ' ಎಂದಷ್ಟೇ ಹೇಳಿ ಬಂದರೆ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಡ್ರೆಸಿಂಗ್, ಎ.ಸಿ. ಡಿಸಿನ್ಫೆಕ್ಷನ್ ಎಂದು ಬಿಲ್ಲು ಉದ್ದವಾಗುತ್ತದೆ. ಪುಸ್ತಕದಲ್ಲಿ ಆ ಕಿಲೋಮೀಟರಿಗೆ ಏನೇನಿದೆ ಎಂಬುದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು ಹೋಗಿ. 'ಅಣ್ಣ, ಈ ಗಾಡಿ ದಿನಾ ಸ್ಟೇಷನ್‌ಗೆ ಹೋಗಿ ನಿಲ್ಲೋದು, ಆಯಿಲ್ಲು, ಆಯಿಲ್ ಫಿಲ್ಟರ್ ಬದಲಾಯ್ಸಿ, ಏರ್ ಫಿಲ್ಟರ್ ತೆಗೆದು ನಂಗೆ ತೋರ್ಸಿ. ಬೇರೆ ಏನೇ ಇದ್ರೂ ಮುಂಚೆ ಫೋನ್ ಮಾಡಿ' ಎಂದು ಹೇಳಿ, ಜಾಬ್ ಕಾರ್ಡಿನಲ್ಲಿ ಅಷ್ಟನ್ನೂ ಬರೆಸಿ, ಸಹಿ ಹಾಕುವ ಮೊದಲು ಓದಿ. ಹಳೆಯ ಫಿಲ್ಟರನ್ನು ಡಿಕ್ಕಿಯಲ್ಲಿಟ್ಟು ಕೊಡಿ ಅಂದರೆ ಕೊಡುತ್ತಾರೆ. ಕೊಡಲು ಮೀನಮೇಷ ಎಣಿಸಿದರೆ ಮುಂದಿನ ಸಲಕ್ಕೆ ಬೇರೆ ಜಾಗ ನೋಡಿಕೊಳ್ಳಿ.